ಸೈಟಿನ ಅಳತೆ, ಸಂಬಳದ ಅಳತೆ

ಬೆಂಗಳೂರಿನಲ್ಲಿ ಆಗಷ್ಟೇ ಪರಿಚಯವಾದವರನ್ನು ‘ನಿಮ್ಮ ಸಂಬಳ ಎಷ್ಟು’ ಎಂದು ಕೇಳಿದರೆ ಒರಟುತನ. ಆದರೆ ‘ಮನೆ ಎಷ್ಟು ಸೈಟಲ್ಲಿದೆ’ ಎಂದು ಕೇಳಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ‘ತರ್ಟಿ ಫಾರ್ಟಿ’ ಎಂದೋ ‘ಫಾರ್ಟಿ ಸಿಕ್ಸ್‌ಟಿ’ ಎಂದೋ ಉತ್ತರ ಬರುತ್ತದೆ. ಅಷ್ಟು ಸಾಕು. ಆ ಮನೆಯ ಬಾಗಿಲಲ್ಲಿ ನಿಂತಿರುವುದು ಸ್ಕೂಟರೋ ಕಾರೋ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಮಗಳ ಮದುವೆ ಯಾವ ಛತ್ರದಲ್ಲಿ ಆದೀತು ಎಂಬುದನ್ನೆಲ್ಲ ಕೇಳಿದವರು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿರುತ್ತಾರೆ.

ಈ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಏಕೆಂದರೆ ಊರನ್ನು ಕಟ್ಟಿರುವುದೇ ಹಾಗೆ. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿ ಸಿಐಟಿಬಿಯಾಗಲಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆಗಲಿ, ಬಡಾವಣೆ ಮಾಡುವಾಗ ನೆಲವನ್ನು ಕೆಲವೇ ಅಳತೆಗಳಲ್ಲಿ ತುಂಡು ಮಾಡುತ್ತಾ ಬಂದಿವೆ: 20×30, 30×40, 40×60, 50×80 ಅಡಿ. ಒಂದೇ ಅಳತೆಯ ಸೈಟುಗಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಬರುತ್ತವೆ. ಸರ್ವೆಯವರಿಗೆ ಅದು ಸುಲಭ, ಚರಂಡಿ ಎಳೆಯುವವರಿಗೂ ಸುಲಭ. 600 ಚದರಡಿಯವರು ಒಂದು ಕಡೆ, 4000 ಚದರಡಿಯವರು ಇನ್ನೊಂದು ಕಡೆ ಸೇರಿಕೊಳ್ಳುತ್ತಾರೆ. ಯಾರೂ ಯಾರನ್ನೂ ದೂರ ತಳ್ಳಿದಂತೆ ಕಾಣುವುದಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದಾಗಲೇ ಆ ಕೆಲಸ ಆಗಿಹೋಗಿರುತ್ತದೆ.

ನಾನು ಬೆಳೆದ ಬಡಾವಣೆಯಲ್ಲಿ ಪಾರ್ಕಿನ ಸುತ್ತ ದೊಡ್ಡ ಸೈಟುಗಳು, ಅಡ್ಡರಸ್ತೆಗಳಲ್ಲಿ ನಮ್ಮಂಥವರ 30×40, ರಾಜಕಾಲುವೆಯ ಆಚೆ 20×30. ಕಾಲುವೆ ದಾಟಲು ಯಾರೋ ಎರಡು ಕಲ್ಲುಚಪ್ಪಡಿ ಹಾಕಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ಆ ಚಪ್ಪಡಿ ದಾಟಿ ಬರುತ್ತಿದ್ದ. ಅವನ ಅಪ್ಪ ಗಾರೆ ಕೆಲಸದವರು; ನಮ್ಮ ಹಿತ್ತಲ ಕಾಂಪೌಂಡ್ ಕಟ್ಟಿದವರು ಅವರೇ. ಪಾರ್ಕಿನ ಎದುರಿನ ಮನೆಯ ಡಾಕ್ಟರ ಮಗಳೂ ಅದೇ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಯವರೆಗೆ ಓದಿದಳು. ಹೋದ ವರ್ಷ ಆ ಕಡೆ ಹೋಗಿದ್ದೆ. ಚಪ್ಪಡಿಗಳಿದ್ದ ಜಾಗದಲ್ಲಿ ಎತ್ತರದ ಗೋಡೆ, ಮೇಲೆ ಮುಳ್ಳುತಂತಿ. ಶಾಲೆ ಇದೆ, ಕಾಲುವೆಯ ಈಚೆಯ ಮಕ್ಕಳು ಒಬ್ಬರೂ ಇಲ್ಲ. ಹಾಜರಿ ಪುಸ್ತಕದಲ್ಲಿರುವ ಹೆಸರುಗಳೆಲ್ಲ ಕಾಲುವೆಯ ಆಚೆಯವು.

ಆದಾಯದ ಅಂತರ ಹೆಚ್ಚಿದಾಗ ಊರು ಹೀಗೆ ಒಡೆದುಕೊಳ್ಳಲೇಬೇಕೇ? ‘ಇದರಲ್ಲಿ ಕೇಳುವುದೇನಿದೆ’ ಎನ್ನಿಸಬಹುದು. ಆದರೆ ಆದಾಯದ ಅಂತರ ಒಂದು, ವಾಸದ ಅಂತರ ಇನ್ನೊಂದು. ಹಳೆಯ ಜಮೀನ್ದಾರಿ ಮನೆಯನ್ನು ನೆನಪಿಸಿಕೊಳ್ಳಿ. ಒಡೆಯನಿಗೂ ಹಿತ್ತಲ ಕೊಟ್ಟಿಗೆಯ ಪಕ್ಕ ಮಲಗುವ ಜೀತದಾಳಿಗೂ ಆದಾಯದಲ್ಲಿ ಭೂಮಿ ಆಕಾಶದ ಅಂತರ. ಮಲಗುವ ಜಾಗಗಳ ನಡುವೆ ನೂರಡಿ. ಇನ್ನೊಂದು ಊರನ್ನು ಊಹಿಸಿಕೊಳ್ಳಿ. ಅಲ್ಲಿ ಎಲ್ಲರ ಸಂಬಳವೂ ಹೆಚ್ಚುಕಡಿಮೆ ಒಂದೇ, ಆದರೆ ನೂರು ರೂಪಾಯಿ ಹೆಚ್ಚಿದ್ದವರು ಮುಂದಿನ ಬೀದಿಯಲ್ಲೇ ಇರಬೇಕೆಂಬ ಕಟ್ಟಳೆ. ಅಲ್ಲಿ ಅಂತರ ಅತ್ಯಲ್ಪ, ಬೇರ್ಪಡೆ ಸಂಪೂರ್ಣ. ಒಂದು ಇನ್ನೊಂದನ್ನು ಹುಟ್ಟಿಸುತ್ತದೆ ಎನ್ನಬೇಕಾದರೆ ಮೊದಲು ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಬೇರ್ಪಡೆಯನ್ನು ಅಳೆಯುವ ಒಂದು ಸರಳ ವಿಧಾನವನ್ನು 1955ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ದಂಪತಿ ಓಟಿಸ್ ಡಡ್ಲಿ ಡಂಕನ್ ಮತ್ತು ಬೆವರ್ಲಿ ಡಂಕನ್ ಜನಪ್ರಿಯಗೊಳಿಸಿದರು. ಅದನ್ನು ಅಸಮಾನ ಹಂಚಿಕೆಯ ಸೂಚ್ಯಂಕ ಎನ್ನೋಣ. ಹಾಳೆ ತೆಗೆದುಕೊಂಡು ನೀವೇ ಮಾಡಬಹುದು. ಒಂದು ಚಿಕ್ಕ ಊರಿನಲ್ಲಿ ನಾಲ್ಕು ಬೀದಿ, ನೂರು ಉಳ್ಳವರ ಮನೆ, ನೂರು ಇಲ್ಲದವರ ಮನೆ. ಇಲ್ಲದವರು ನಾಲ್ಕು ಬೀದಿಗಳಲ್ಲಿ 40, 30, 20, 10 ಎಂದು ಹಂಚಿಹೋಗಿದ್ದಾರೆ. ಉಳ್ಳವರು ಅದೇ ಬೀದಿಗಳಲ್ಲಿ 10, 20, 30, 40. ಪ್ರತಿ ಬೀದಿಯ ವ್ಯತ್ಯಾಸ 30, 10, 10, 30. ಕೂಡಿದರೆ 80, ಅರ್ಧ ಮಾಡಿದರೆ 40. ಎಲ್ಲ ಬೀದಿಗಳೂ ಸಮವಾಗಿ ಬೆರೆಯಬೇಕಾದರೆ ಯಾವುದಾದರೂ ಒಂದು ಗುಂಪಿನ ನೂರರಲ್ಲಿ 40 ಮನೆಗಳು ಬೀದಿ ಬದಲಿಸಬೇಕು ಎಂದು ಇದರ ಅರ್ಥ. ಸೊನ್ನೆ ಬಂದರೆ ಪೂರ್ತಿ ಬೆರಕೆ, ನೂರು ಬಂದರೆ ಪೂರ್ತಿ ಬೇರೆ.

ಈ ಲೆಕ್ಕದಲ್ಲಿ ಒಂದು ಬಲೆಯಿದೆ. ಈಗ ಆ ನಾಲ್ಕು ಬೀದಿಗಳ ಗಡಿಗಳನ್ನು ಅಳಿಸಿ, ಎರಡೆರಡು ಸೇರಿಸಿ ಎರಡು ವಾರ್ಡು ಮಾಡಿ. ಮೊದಲನೆಯದನ್ನು ಕೊನೆಯದರ ಜೊತೆಗೆ, ಎರಡನೆಯದನ್ನು ಮೂರನೆಯದರ ಜೊತೆಗೆ. ಪ್ರತಿ ವಾರ್ಡಿನಲ್ಲೂ 50 ಉಳ್ಳವರು, 50 ಇಲ್ಲದವರು. ಸೂಚ್ಯಂಕ ಸೊನ್ನೆ! ಒಬ್ಬರೂ ಮನೆ ಬದಲಿಸಲಿಲ್ಲ, ಊರು ಮಾತ್ರ ಕಾಗದದ ಮೇಲೆ ಒಂದಾಗಿಹೋಯಿತು. ಯಾವ ದೂರದಿಂದ ನೋಡುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಬೆಂಗಳೂರಿಗೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಆದಾಯಕ್ಕೂ ವಾಸಕ್ಕೂ ಇರುವ ನಂಟನ್ನು ಗಟ್ಟಿಯಾಗಿ ಹಿಡಿದ ಸಂಶೋಧಕರಲ್ಲಿ ಶಾನ್ ರಿಯರ್ಡನ್ ಮತ್ತು ಕೆಂಡ್ರಾ ಬಿಷಾಫ್ ಮುಖ್ಯರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಮೆರಿಕದ 100 ದೊಡ್ಡ ನಗರ ಪ್ರದೇಶಗಳ ಮೂರು ದಶಕಗಳ ಅಂಕಿಅಂಶ ನೋಡಿತು, 1970ರಿಂದ 2000ದವರೆಗೆ. ಅವರು ಬಳಸಿದ ಅಳತೆ ಚೆನ್ನಾಗಿದೆ. ಊರಿನ ಎಲ್ಲ ಕುಟುಂಬಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಆಮೇಲೆ ಡಾಲರನ್ನು ಮರೆತುಬಿಡುವುದು. ಸಾಲಿನಲ್ಲಿ ಎಷ್ಟನೆಯವರು ಎಂಬುದನ್ನಷ್ಟೇ ಇಟ್ಟುಕೊಳ್ಳುವುದು. ಮೊದಲ ಸ್ಥಾನದವನ ಆದಾಯ ಹತ್ತು ಪಟ್ಟಾದರೂ ಅವನು ನಿಂತಿರುವುದು ಅಲ್ಲೇ. ಹಾಗಾಗಿ ಶ್ರೀಮಂತರು ಇನ್ನಷ್ಟು ಶ್ರೀಮಂತರಾದ ಮಾತ್ರಕ್ಕೆ ಈ ಅಳತೆ ಏರುವುದಿಲ್ಲ. ಏರಬೇಕಾದರೆ ಸಾಲಿನ ಮುಂದಿನವರು ಮುಂದಿನವರ ಜೊತೆಗೆ, ಹಿಂದಿನವರು ಹಿಂದಿನವರ ಜೊತೆಗೆ ನಿಜವಾಗಿ ಒಟ್ಟುಗೂಡಿರಬೇಕು.

ಅವರಿಗೆ ಕಂಡದ್ದು ಇದು. ಅಂತರ ಹೆಚ್ಚಿದ ನಗರಗಳಲ್ಲಿ ಬೇರ್ಪಡೆಯೂ ಹೆಚ್ಚಿತ್ತು. ಆದರೆ ಅದಕ್ಕೆ ಮುಖ್ಯ ಕಾರಣ ಬಡವರ ಓಡಾಟ ಅಲ್ಲ. ಮೇಲಿನ ಆದಾಯದವರು ಉಳಿದವರಿಂದ ಕಳಚಿಕೊಂಡು ಹೊರಟದ್ದು. ಅದೂ ಪಕ್ಕದ ಬೀದಿಗಲ್ಲ, ನಗರದ ಇನ್ನೊಂದು ಮೂಲೆಗೆ, ದೂರದ ಉಪನಗರಗಳಿಗೆ. ಇದೇ ಇಬ್ಬರ ಮುಂದಿನ ಲೆಕ್ಕ ಇನ್ನೂ ಕಣ್ಣಿಗೆ ಕಟ್ಟುವಂತಿದೆ. 1970ರಲ್ಲಿ ಅಮೆರಿಕದ ದೊಡ್ಡ ನಗರಗಳ ಕುಟುಂಬಗಳಲ್ಲಿ ಶೇ 65ರಷ್ಟು ಮಧ್ಯಮ ಆದಾಯದ ನೆರೆಹೊರೆಗಳಲ್ಲಿದ್ದವು. 2009ರ ಹೊತ್ತಿಗೆ ಅದು ಶೇ 42ಕ್ಕೆ ಇಳಿದಿತ್ತು. ತೀರಾ ಬಡ ಅಥವಾ ತೀರಾ ಶ್ರೀಮಂತ ನೆರೆಹೊರೆಗಳಲ್ಲಿರುವವರ ಪಾಲು ಶೇ 15ರಿಂದ 33ಕ್ಕೆ ಏರಿತ್ತು. ಒಂದು ತಲೆಮಾರು ಬೆಳೆದು ದೊಡ್ಡದಾಗುವಷ್ಟರಲ್ಲಿ ನಡುವಿನ ಬೀದಿಗಳು ಬರಿದಾಗುತ್ತಾ ಬಂದವು.

ಇದು ನಡೆಯುವ ಬಗೆಯನ್ನು ಮನೆ ಹುಡುಕಿದ ಯಾರಾದರೂ ಬಲ್ಲರು. ಒಳ್ಳೆಯ ಜಾಗ ಎನ್ನಿಸಿಕೊಂಡ ಕಡೆ ನೆಲ ಬೆಳೆಯುವುದಿಲ್ಲ, ಅದಕ್ಕೆ ಕೈಚಾಚುವವರ ಹಣ ಬೆಳೆಯುತ್ತದೆ. ಎಲ್ಲರ ಆದಾಯವೂ ಒಂದೇ ಪ್ರಮಾಣದಲ್ಲಿ ಏರಿದರೆ ಬೆಲೆ ಏರಿದರೂ ಸರದಿ ಬದಲಾಗುವುದಿಲ್ಲ. ಮೇಲಿನ ಹತ್ತು ಜನರದ್ದು ಮಾತ್ರ ಏರಿದರೆ, ಇಷ್ಟು ದಿನ ಆ ಬೀದಿಯಲ್ಲಿ ಹೇಗೋ ನಿಭಾಯಿಸುತ್ತಿದ್ದ ಮೇಷ್ಟರು, ನರ್ಸು, ಅಂಗಡಿಯ ಗುಮಾಸ್ತರು ಹಿಂದೆ ಬೀಳುತ್ತಾರೆ. ಬೆಂಗಳೂರಿನ ಅಡ್ವಾನ್ಸ್ ಪದ್ಧತಿಯನ್ನೇ ನೋಡಿ. ಹತ್ತು ತಿಂಗಳ ಬಾಡಿಗೆ ಮುಂಗಡ ಎಂಬುದು ಇಲ್ಲಿ ಬಹುಕಾಲ ನಡೆದುಬಂದ ರೂಢಿ. ತಿಂಗಳಿಗೆ 20 ಸಾವಿರದ ಮನೆಗೆ 2 ಲಕ್ಷ ಒಟ್ಟಿಗೆ ಎಣಿಸಬೇಕು. ಬಾಡಿಗೆ ಕಟ್ಟುವ ಶಕ್ತಿ ಇದ್ದೂ ಆ ಎರಡು ಲಕ್ಷ ಇಲ್ಲದವರಿಗೆ ಬೀದಿಯ ಬಾಗಿಲು ಮುಚ್ಚಿದಂತೆಯೇ. ಉಳಿತಾಯ ಇಲ್ಲದವರನ್ನು ಜರಡಿ ಹಿಡಿಯುವ ವ್ಯವಸ್ಥೆ ಇದು.

ಶ್ರೀಮಂತರು ಹೀಗೆ ದೂರ ಹೋಗುವುದು ಯಾವುದಕ್ಕಾಗಿ? ಆನ್ ಓವೆನ್ಸ್ ಎಂಬ ಸಮಾಜಶಾಸ್ತ್ರಜ್ಞೆ 2016ರಲ್ಲಿ ಅದೇ 100 ದೊಡ್ಡ ನಗರಗಳ ಕುಟುಂಬಗಳನ್ನು ಎರಡು ಗುಂಪು ಮಾಡಿದರು: ಮಕ್ಕಳಿರುವವರು, ಮಕ್ಕಳಿಲ್ಲದವರು. 1990ರಿಂದ 2010ರ ನಡುವೆ ಬೇರ್ಪಡೆ ಏರಿದ್ದು ಮಕ್ಕಳಿರುವ ಮನೆಗಳಲ್ಲಿ ಮಾತ್ರ. ಇದನ್ನು ಮೊದಲು ಓದಿದಾಗ ನನಗೆ ನಮ್ಮ ಶಾಲೆಯ ಆ ಡಾಕ್ಟರ ಮಗಳು ನೆನಪಾದಳು. ಅಮೆರಿಕದಲ್ಲಿ ಯಾವ ಶಾಲೆ ಎಂಬುದನ್ನು ಬಹುತೇಕ ಮನೆಯ ವಿಳಾಸವೇ ತೀರ್ಮಾನಿಸುತ್ತದೆ, ಆ ಶಾಲೆಯ ಖರ್ಚಿನ ದೊಡ್ಡ ಭಾಗ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಅಲ್ಲಿ ಮನೆ ಕೊಳ್ಳುವುದೆಂದರೆ ಶಾಲೆ ಕೊಂಡಂತೆ. ನಮ್ಮಲ್ಲಿ ಹಣವಿದ್ದವರು ಮನೆ ಬದಲಿಸದೆಯೂ ಶಾಲೆ ಬದಲಿಸಬಹುದು. ಹಳದಿ ಬಸ್ಸು ಬಾಗಿಲಿಗೇ ಬರುತ್ತದೆ. ಹಾಗಾಗಿ ಅಮೆರಿಕದ ಉತ್ತರವನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಲಾಗದು. ಆದರೆ ಎರಡೂ ಕಡೆ ಕೊಳ್ಳುತ್ತಿರುವ ವಸ್ತು ಒಂದೇ: ನಮ್ಮ ಮಕ್ಕಳ ಪಕ್ಕ ಯಾರು ಕೂರುತ್ತಾರೆ ಎಂಬುದು.

ಪಕ್ಕ ಯಾರು ಕೂರುತ್ತಾರೆ ಎಂಬುದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಕಷ್ಟ. ಒಳ್ಳೆಯ ನೆರೆಹೊರೆಯ ಮಕ್ಕಳು ಮುಂದೆ ಬಂದರೆ ಅದು ನೆರೆಹೊರೆಯಿಂದಲೋ, ಅಲ್ಲಿಗೆ ಹೋಗುವ ಛಾತಿಯಿದ್ದ ತಂದೆತಾಯಿಗಳಿಂದಲೋ? ಇದನ್ನು ಬಿಡಿಸಲು ಅಮೆರಿಕ ಸರ್ಕಾರ 1994ರಲ್ಲಿ ದೊಡ್ಡ ಪ್ರಯೋಗವೊಂದನ್ನು ಶುರುಮಾಡಿತು. ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ಕಡುಬಡ ಸರ್ಕಾರಿ ವಸತಿಗಳಲ್ಲಿದ್ದ ಸುಮಾರು 4600 ಕುಟುಂಬಗಳ ನಡುವೆ ಚೀಟಿ ಎತ್ತಲಾಯಿತು. ಕೆಲವರಿಗೆ ಬಡತನ ಕಡಿಮೆಯಿರುವ ಕಡೆ ಮನೆ ಮಾಡಲು ಬಾಡಿಗೆ ನೆರವು ಸಿಕ್ಕಿತು, ಕೆಲವರಿಗೆ ಷರತ್ತಿಲ್ಲದ ನೆರವು, ಇನ್ನು ಕೆಲವರಿಗೆ ಏನೂ ಇಲ್ಲ. ಯಾರಿಗೆ ಯಾವುದು ಎಂಬುದು ಅದೃಷ್ಟದ ಕೈಯಲ್ಲಿದ್ದರಿಂದ ತಂದೆತಾಯಿಗಳ ಛಾತಿ ಮೂರು ಗುಂಪಿನಲ್ಲೂ ಒಂದೇ.

ಮೊದಲ ವರ್ಷಗಳ ಫಲಿತಾಂಶ ಎಲ್ಲರನ್ನೂ ನಿರಾಶೆಗೊಳಿಸಿತು. ಜಾಗ ಬದಲಿಸಿದ ದೊಡ್ಡವರ ಆರೋಗ್ಯ, ಮನಸ್ಸಿನ ನೆಮ್ಮದಿ ಸುಧಾರಿಸಿತ್ತು, ಗಳಿಕೆ ಮಾತ್ರ ಇದ್ದಲ್ಲೇ ಇತ್ತು. ನೆರೆಹೊರೆಯದು ಬರೀ ಮಾತು ಎಂದವರೂ ಉಂಟು. ಮಕ್ಕಳು ಬೆಳೆಯುವವರೆಗೆ ಕಾಯಬೇಕಿತ್ತು. 2015ರಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರನ್, ಲಾರೆನ್ಸ್ ಕಾಟ್ಜ್ ಆ ಮಕ್ಕಳ ತೆರಿಗೆ ದಾಖಲೆಗಳನ್ನು ತೆರೆದು ನೋಡಿದರು. 13 ವರ್ಷ ತುಂಬುವ ಮೊದಲೇ ಬಡತನ ಕಡಿಮೆಯಿರುವ ನೆರೆಹೊರೆಗೆ ಹೋದವರು ಇಪ್ಪತ್ತೈದರ ಆಸುಪಾಸಿನಲ್ಲಿ, ಹೋಗದ ಗುಂಪಿಗಿಂತ ಶೇ 31ರಷ್ಟು ಹೆಚ್ಚು ಗಳಿಸುತ್ತಿದ್ದರು. 13 ದಾಟಿದ ಮೇಲೆ ಹೋದವರಿಗೆ ಆ ಲಾಭವಿರಲಿಲ್ಲ. ಹೊಸ ಜಾಗದಲ್ಲಿ ಕಳೆದ ಬಾಲ್ಯದ ಪ್ರತಿ ವರ್ಷವೂ ಲೆಕ್ಕಕ್ಕೆ ಬಂದಿತ್ತು. ಈ ಅಧ್ಯಾಯದಲ್ಲಿ ಒಂದೇ ಅಂಕಿ ನೆನಪಿಟ್ಟುಕೊಳ್ಳುವುದಾದರೆ ಈ 13ನ್ನು ಇಟ್ಟುಕೊಳ್ಳಿ. ಅಂತರ ವಾಸಕ್ಕೆ ಇಳಿಯುತ್ತದೆ, ವಾಸ ಮಕ್ಕಳ ಗಳಿಕೆಗೆ ಇಳಿಯುತ್ತದೆ, ಆ ಗಳಿಕೆ ಮುಂದಿನ ಅಂತರವಾಗುತ್ತದೆ.

ಹಾಗಾದರೆ ಅಂತರ ಹೆಚ್ಚಿದ ಮರುದಿನವೇ ಊರು ಒಡೆಯುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ಯುರೋಪಿನಲ್ಲಿ. ಬಾಲ್ಟಿಕ್ ತೀರದ ಎಸ್ಟೋನಿಯಾದ ರಾಜಧಾನಿ ಟಾಲಿನ್ ಸೋವಿಯತ್ ಕಾಲದಲ್ಲಿ ಬೇರ್ಪಡೆ ತೀರಾ ಕಡಿಮೆಯಿದ್ದ ನಗರ. ಮನೆ ಹಂಚುತ್ತಿದ್ದದ್ದು ಸರ್ಕಾರ. 1970ರ ದಶಕದಲ್ಲಿ ಮೇಲೇಳತೊಡಗಿದ ಲಾಸ್ನಮೆ ಎಂಬ ಪ್ರದೇಶದ ಕಾಂಕ್ರೀಟು ಹಲಗೆಗಳ ಬಹುಮಹಡಿ ಮನೆಗಳಲ್ಲಿ ಎಂಜಿನಿಯರೂ ಕಾರ್ಖಾನೆ ಕೆಲಸಗಾರರೂ ಒಂದೇ ಮೆಟ್ಟಿಲು ಹತ್ತುತ್ತಿದ್ದರು. 1991ರಲ್ಲಿ ದೇಶ ಸ್ವತಂತ್ರವಾಯಿತು, ಮಾರುಕಟ್ಟೆ ತೆರೆಯಿತು, ಆದಾಯದ ಅಂತರ ಕೆಲವೇ ವರ್ಷಗಳಲ್ಲಿ ಜಿಗಿಯಿತು. ಊರಿನ ನಕ್ಷೆ ಮಾತ್ರ 2000ದವರೆಗೂ ಅಷ್ಟಾಗಿ ಅಲುಗಲಿಲ್ಲ. ಪ್ರೇಗ್‌ನಂಥ ನಗರದಲ್ಲಿ ಕೆಲಕಾಲ ಬೇರ್ಪಡೆ ಇಳಿದಂತೆಯೂ ಕಂಡಿತು. ಹೊಸದಾಗಿ ಹಣ ಕಂಡವರು ಹಳೆಯ ಬಡ ಬೀದಿಗಳಲ್ಲಿ ಮನೆ ಕೊಂಡಾಗ ಬೀದಿ ಸ್ವಲ್ಪ ಕಾಲ ಬೆರಕೆಯಾಗಿಯೇ ಕಾಣುತ್ತದೆ. ಆಮೇಲೆ, 2000ದಿಂದ 2011ರೊಳಗೆ, ಟಾಲಿನ್ ಯುರೋಪಿನ ಅತಿ ಹೆಚ್ಚು ಬೇರ್ಪಟ್ಟ ರಾಜಧಾನಿಗಳ ಸಾಲಿಗೆ ಸೇರಿತು.

ಸಂಶೋಧಕರಾದ ಟೀಟ್ ತಮ್ಮಾರು, ಮಾರ್ಟನ್ ವಾನ್ ಹಾಮ್ ಮತ್ತು ಅವರ ಸಂಗಡಿಗರು ಯುರೋಪಿನ 13 ದೊಡ್ಡ ನಗರಗಳನ್ನು ಹೋಲಿಸಿ ಹೇಳಿದ್ದೂ ಇದನ್ನೇ. ಅಂತರ ಮೊದಲು ಏರುತ್ತದೆ. ವಾಸದ ಬೇರ್ಪಡೆ ಸುಮಾರು ಹತ್ತು ವರ್ಷ ತಡವಾಗಿ ಹಿಂಬಾಲಿಸುತ್ತದೆ. ಕಾರಣ ಸರಳ. ಸಂಬಳ ಒಂದು ತಿಂಗಳಲ್ಲಿ ಬದಲಾಗಬಹುದು, ಮನೆಯನ್ನು ಜನ ಬದುಕಿನಲ್ಲಿ ಕೆಲವೇ ಸಲ ಬದಲಿಸುತ್ತಾರೆ. ಬಿಲ್ಡರ್ ಭೂಮಿ ಹುಡುಕಿ, ಅನುಮತಿ ಪಡೆದು, ಕಟ್ಟಿ, ಬೀಗದ ಕೈ ಕೊಡುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಇವತ್ತು ನಾವು ನೋಡುವ ನಗರದ ನಕ್ಷೆ ಹತ್ತು ವರ್ಷದ ಹಿಂದಿನ ಸಂಬಳದ ಚೀಟಿ. ಭಾರತದ ಮಟ್ಟಿಗೆ ಇದು ಆತಂಕದ ಮಾತು. ವಿಶ್ವ ಅಸಮಾನತೆ ಪ್ರಯೋಗಾಲಯದ ಅರ್ಥಶಾಸ್ತ್ರಜ್ಞರು 2024ರಲ್ಲಿ ಮಾಡಿದ ಅಂದಾಜಿನಂತೆ 2022-23ರಲ್ಲಿ ದೇಶದ ಆದಾಯದ ಶೇ 22.6ರಷ್ಟು ಮೇಲಿನ ಶೇ 1 ಜನರಿಗೆ ಸೇರಿತ್ತು. ಲೆಕ್ಕದ ವಿಧಾನದ ಬಗ್ಗೆ ವಾದವಿದೆ, ದಿಕ್ಕಿನ ಬಗ್ಗೆ ನನಗೆ ಅನುಮಾನವಿಲ್ಲ. ಅದರ ಪೂರ್ತಿ ಅಚ್ಚು ನಮ್ಮ ಊರುಗಳ ಮೇಲೆ ಇನ್ನೂ ಮೂಡಿಲ್ಲ.

ವಾಸದ ಬೇರ್ಪಡೆಯ ವಿಷಯ ಬಂದಾಗಲೆಲ್ಲ ಥಾಮಸ್ ಶೆಲ್ಲಿಂಗ್ ಅವರ ಆಟ ಬರುತ್ತದೆ. 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಶೆಲ್ಲಿಂಗ್ 1971ರ ಪ್ರಬಂಧದಲ್ಲಿ ಇದನ್ನು ವಿವರವಾಗಿ ಬರೆದರು. ರಜೆಯ ದಿನ ಮಕ್ಕಳನ್ನು ಕೂರಿಸಿಕೊಂಡು ಆಡಿ ನೋಡಿ. ಚದುರಂಗದ ಮಣೆಯ 64 ಮನೆಗಳಲ್ಲಿ 22 ಹುಣಸೆಬೀಜ, 22 ಅವರೆಕಾಳು ಕಲಸಿ ಹರಡಿ, 20 ಮನೆ ಖಾಲಿ ಬಿಡಿ. ನಿಯಮ ಒಂದೇ: ಸುತ್ತಲಿನ ನೆರೆಯವರಲ್ಲಿ ಮೂರನೇ ಒಂದು ಪಾಲಾದರೂ ತನ್ನಂಥವರಿರಬೇಕು. ಇಲ್ಲದಿದ್ದರೆ ಆ ಬೀಜ ಹತ್ತಿರದ ತಕ್ಕ ಖಾಲಿ ಮನೆಗೆ ಹೋಗುತ್ತದೆ. ಮೂರನೇ ಎರಡು ಪಾಲು ಬೇರೆಯವರಿದ್ದರೂ ಒಪ್ಪಿಗೆ ಎನ್ನುವಷ್ಟು ಉದಾರಿಗಳು ಇವರೆಲ್ಲ. ಆದರೂ ಒಂದೊಂದೇ ಬೀಜ ಸರಿಸುತ್ತಾ ಹೋದಂತೆ ಒಂದು ಹೋದದ್ದರಿಂದ ಇನ್ನೊಂದು ಒಂಟಿಯಾಗುತ್ತದೆ, ಅದೂ ಹೊರಡುತ್ತದೆ. ಅರ್ಧ ಗಂಟೆಯಲ್ಲಿ ಮಣೆಯ ಮೇಲೆ ಕಪ್ಪು ಕೇರಿ, ಬಿಳಿ ಕೇರಿ ಎದ್ದು ಕಾಣತೊಡಗುತ್ತವೆ. ಸಣ್ಣ ಒಲವುಗಳು ಸೇರಿ ಯಾರೂ ಬಯಸದಷ್ಟು ದೊಡ್ಡ ಬಿರುಕಾಗುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಆಟ ನನಗೆ ಗೊತ್ತಿಲ್ಲ.

ಆದರೆ ಈ ಆಟವನ್ನು ‘ನೋಡಿ, ಯಾರದ್ದೂ ತಪ್ಪಲ್ಲ’ ಎಂಬ ಮಾತಿಗೆ ಬಳಸುವವರನ್ನು ನಾನು ಒಪ್ಪುವುದಿಲ್ಲ. ಮಣೆಯ ಮೇಲೆ ಹುಣಸೆಬೀಜಕ್ಕೂ ಅವರೆಕಾಳಿಗೂ ಸಮನಾದ ಸ್ವಾತಂತ್ರ್ಯವಿದೆ. ಖಾಲಿ ಮನೆಗೆ ಬಾಡಿಗೆಯಿಲ್ಲ, ಅಡ್ವಾನ್ಸ್ ಇಲ್ಲ, ‘ನಿಮ್ಮದು ಯಾವ ಜಾತಿ’ ಎಂದು ಕೇಳುವ ಮಾಲೀಕರಿಲ್ಲ. ಊರಿನಲ್ಲಿ ಜಾಗ ಬದಲಿಸುವ ಶಕ್ತಿ ಒಂದು ಬಣ್ಣದ ಬೀಜಗಳಿಗೆ ಮಾತ್ರ ಇದೆ. ಜೊತೆಗೆ ಮಣೆಯನ್ನೇ ಓರೆ ಮಾಡುವ ಕೈಗಳಿವೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ್ದೇ ಗೃಹಸಾಲ ಸಂಸ್ಥೆ ನಗರಗಳ ನಕ್ಷೆಗೆ ಹಸಿರು, ನೀಲಿ, ಹಳದಿ, ಕೆಂಪು ಬಳಿದು, ಕರಿಯರ ಬಡಾವಣೆಗಳನ್ನು ಕೆಂಪಾಗಿಸಿ, ಸಾಲ ಕೊಡಲು ಅಪಾಯದ ಜಾಗಗಳೆಂದು ಗುರುತು ಹಾಕಿತು. ಬಾಡಿಗೆ, ಮಾರಾಟ, ಸಾಲದಲ್ಲಿ ಇಂಥ ತಾರತಮ್ಯವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಬೇರೆಯಾಗಿ ಬದುಕುವುದು ಉಳ್ಳವರು ಕೊಳ್ಳುವ ಸರಕು. ಇಲ್ಲದವರು ಉಳಿದ ಜಾಗದಲ್ಲಿ ಉಳಿಯುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ವಾಸದ ಬೇರ್ಪಡೆಗೆ ಕನ್ನಡದಲ್ಲಿ ಹೊಸ ಪದ ಹುಡುಕುವ ಅಗತ್ಯವಿಲ್ಲ. ಊರು, ಕೇರಿ ಎಂಬ ಎರಡು ಮಾತುಗಳ ನಡುವೆ ಅದು ಯಾವತ್ತಿನಿಂದಲೂ ಇದೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆಗಳ ಹೆಸರು ಇಂದಿಗೂ ಉಳಿದಿವೆ. ಕಸುಬು ಮತ್ತು ಜಾತಿ ಬೀದಿಯ ಹೆಸರಾಗಿದ್ದ ಕಾಲವದು. 1809ರಲ್ಲಿ ಬ್ರಿಟಿಷರ ದಂಡು ಬಂದಾಗ ಪೇಟೆ ಒಂದು ಕಡೆ, ದಂಡುಪ್ರದೇಶ ಇನ್ನೊಂದು ಕಡೆ. ನಮ್ಮಲ್ಲಿ ಜಾತಿ ಮೊದಲು ಗೆರೆ ಎಳೆಯಿತು, ಹಣ ಅದರ ಮೇಲೆ ಬರೆಯುತ್ತಿದೆ. ಸಂಶೋಧಕರಾದ ತ್ರಿನಾ ವಿತಾಯತಿಲ್ ಮತ್ತು ಗಾಯತ್ರಿ ಸಿಂಗ್ 2001ರ ಜನಗಣತಿಯ ಆಧಾರದಲ್ಲಿ ದೇಶದ ಏಳು ಅತಿದೊಡ್ಡ ನಗರಗಳನ್ನು ನೋಡಿದಾಗ, ಆರ್ಥಿಕ ಸ್ಥಿತಿಗಿಂತ ಜಾತಿಯ ಪ್ರಕಾರ ಆದ ಬೇರ್ಪಡೆಯೇ ದೊಡ್ಡದಾಗಿ ಕಂಡಿತು. ನಗರಕ್ಕೆ ಬಂದರೆ ಜಾತಿ ಕರಗುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಆ ಲೆಕ್ಕ ವಾರ್ಡುಗಳದ್ದು. ನಾಲ್ಕು ಬೀದಿಯ ಆಟವನ್ನು ಈಗ ನೆನಪಿಸಿಕೊಳ್ಳಿ. 2011ರಲ್ಲಿ ಆಗಿನ ನಗರಪಾಲಿಕೆ ಬಿಬಿಎಂಪಿಯ 198 ವಾರ್ಡುಗಳಲ್ಲಿ ಸುಮಾರು 84 ಲಕ್ಷ ಜನ. ಒಂದು ವಾರ್ಡಿಗೆ ಸರಾಸರಿ 42 ಸಾವಿರಕ್ಕೂ ಹೆಚ್ಚು. ಅದನ್ನು ನೆರೆಹೊರೆ ಎಂದು ಯಾರು ಕರೆದಾರು? ಬೆಂಗಳೂರಿನ ಐಐಎಂ ಬಳಗದ ನವೀನ್ ಭಾರತಿ, ದೀಪಕ್ ಮಲಘಾಣ, ಅಂದಲೀಬ್ ರೆಹಮಾನ್ ಇನ್ನೂ ಹತ್ತಿರ ಹೋದರು. ಜನಗಣತಿಯವರು ಕೆಲಸಕ್ಕಾಗಿ ಊರನ್ನು ಆರೇಳುನೂರು ಜನರ ಸಣ್ಣ ಬ್ಲಾಕುಗಳಾಗಿ ಒಡೆದುಕೊಳ್ಳುತ್ತಾರೆ. ಬೆಂಗಳೂರು, ಚೆನ್ನೈ, ದೆಹಲಿ, ಕೋಲ್ಕತ್ತ, ಮುಂಬೈಗಳ ಆ ಬ್ಲಾಕುಗಳ 2011ರ ಅಂಕಿಅಂಶ ಹಿಡಿದು ಅವರು ತೋರಿಸಿದ್ದು ಇದು: ವಾರ್ಡು ವಾರ್ಡುಗಳ ನಡುವಿನ ಜಾತಿ ಬೇರ್ಪಡೆಗಿಂತ ಒಂದೇ ವಾರ್ಡಿನ ಒಳಗಿನ ಬೇರ್ಪಡೆ ಹೆಚ್ಚು. ಬೆರೆತಂತೆ ಕಾಣುವ ವಾರ್ಡನ್ನು ಒಡೆದು ನೋಡಿದರೆ ಊರು ಕೇರಿಗಳು ಅಲ್ಲೇ ಇವೆ.

ಇನ್ನೊಂದು ತಂಡ ದೇಶದ 15 ಲಕ್ಷ ನೆರೆಹೊರೆಗಳನ್ನು ಇದೇ ಸೂಕ್ಷ್ಮತೆಯಲ್ಲಿ ನೋಡಿ, ದಲಿತರು ಮತ್ತು ಮುಸ್ಲಿಮರು ಹೆಚ್ಚಿರುವ ನೆರೆಹೊರೆಗಳಲ್ಲಿ ಪ್ರೌಢಶಾಲೆ, ಕೊಳಾಯಿ ನೀರಿನಂಥ ಸೌಲಭ್ಯಗಳು ಕಡಿಮೆಯಿರುವುದನ್ನು ದಾಖಲಿಸಿತು. ಜಿಲ್ಲೆಯ ಸರಾಸರಿಯಲ್ಲಿ ಇದು ಕಾಣುವುದಿಲ್ಲ. ಬೀದಿಗೆ ಇಳಿದರೆ ಕಾಣುತ್ತದೆ.

ಹತ್ತಿರವಿದ್ದರೆ ಬೆರೆತಂತೆ ಎಂಬ ಭ್ರಮೆಯೂ ನಮ್ಮಲ್ಲಿದೆ. ಬೆಳಿಗ್ಗೆ ಏಳು ಗಂಟೆಗೆ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಹತ್ತು ನಿಮಿಷ ನಿಲ್ಲಿ. ಹಿಂದಿನ ಗಲ್ಲಿಯಿಂದ ಹೆಂಗಸರು ಸಾಲಾಗಿ ಬರುತ್ತಾರೆ. ಸೆಕ್ಯುರಿಟಿಯವರ ಮುಂದೆ ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಸಮಯ ಬರೆಸಿ, ಸರ್ವೀಸ್ ಲಿಫ್ಟಿನತ್ತ ಹೋಗುತ್ತಾರೆ. ಸಂಜೆ ಹೊರಡುವಾಗ ಚೀಲ ತೆರೆದು ತೋರಿಸಬೇಕು. ಅವರ ಮನೆಗೂ ಅವರು ಕೆಲಸ ಮಾಡುವ ಹದಿನಾಲ್ಕನೇ ಮಹಡಿಯ ಮನೆಗೂ ಇರುವ ದೂರ ಮುನ್ನೂರು ಮೀಟರ್ ಇದ್ದೀತು. ಸೂಚ್ಯಂಕ ಎರಡೂ ಮನೆಯವರನ್ನು ನೆರೆಯವರು ಎಂದು ಎಣಿಸುತ್ತದೆ. ಇವರ ಮಕ್ಕಳು ಅವರ ಮಕ್ಕಳ ಹೆಸರನ್ನೂ ಕೇಳಿರುವುದಿಲ್ಲ.

ಈ ಮುನ್ನೂರು ಮೀಟರ್ ಕೂಡ ಗಟ್ಟಿಯಲ್ಲ. ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ಕಟ್ಟಿದ ವಸತಿಗಳಿದ್ದವು. ಕಟ್ಟಡಗಳು ಶಿಥಿಲವಾಗಿ ಕುಸಿದ ಮೇಲೆ ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿದ್ದರು. 2013ರ ಜನವರಿಯಲ್ಲಿ ಜೆಸಿಬಿಗಳು ಬಂದವು. ಸುಮಾರು 1500 ಕುಟುಂಬಗಳು ಬೀದಿಗೆ ಬಿದ್ದವು. ಆ ನೆಲದ ಒಂದು ಭಾಗದಲ್ಲಿ ವಾಣಿಜ್ಯ ಕಟ್ಟಡ, ಇನ್ನೊಂದು ಭಾಗದಲ್ಲಿ ಬಡವರ ಮನೆ ಎಂಬ ಯೋಜನೆಯಿತ್ತು. ಸುತ್ತಲಿನ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ಊರಾಚೆಗೆ ಹೋಗುವುದೆಂದರೆ ಕೆಲಸ ಕಳೆದುಕೊಳ್ಳುವುದು, ಮಕ್ಕಳ ಶಾಲೆ ಬಿಡಿಸುವುದು. ನೆಲದ ಬೆಲೆ ಏರಿದಾಗ ಮೊದಲು ಜಾಗ ಖಾಲಿ ಮಾಡುವವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದು ವಿಧಿಯಲ್ಲ ಎಂದು ತೋರಿಸಲು ವಿಯೆನ್ನಾ ಒಂದೇ ಸಾಕು. ನೂರು ವರ್ಷಗಳ ಹಿಂದೆ ಅಲ್ಲಿನ ನಗರಸಭೆ ಮನೆ ಕಟ್ಟುವುದನ್ನು ತನ್ನ ಕೆಲಸ ಎಂದುಕೊಂಡಿತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದದ ಕಟ್ಟಡ. ಈಗ ನಗರಸಭೆಯ ಬಳಿ ಸುಮಾರು 2.2 ಲಕ್ಷ ಬಾಡಿಗೆ ಮನೆಗಳಿವೆ, ನಗರದ ಎಲ್ಲ 23 ಜಿಲ್ಲೆಗಳಲ್ಲೂ ಹರಡಿಕೊಂಡಿವೆ. ಆದಾಯದ ಮಿತಿಯನ್ನು ಎತ್ತರದಲ್ಲಿಟ್ಟಿರುವುದರಿಂದ ಮೇಷ್ಟರೂ ಬಸ್ ಡ್ರೈವರೂ ಅದೇ ಮೆಟ್ಟಿಲಲ್ಲಿ ಭೇಟಿಯಾಗುತ್ತಾರೆ. ನಮ್ಮ ಬಡಾವಣೆಗಳಲ್ಲಿ 20×30ನ್ನೂ 40×60ನ್ನೂ ಒಂದೇ ರಸ್ತೆಯಲ್ಲಿ ಹಂಚುವುದಕ್ಕೆ ಅಷ್ಟು ಹಣವೂ ಬೇಡ. ಗೆರೆ ಎಳೆಯುವವರು ಬೇರೆ ಥರ ಎಳೆದರಾಯಿತು.

ಅದಕ್ಕೂ ಮೊದಲು ನಾವು ಎಲ್ಲಿದ್ದೇವೆ ಎಂಬುದು ತಿಳಿಯಬೇಕು. ನಮ್ಮ ಜನಗಣತಿ ಆದಾಯವನ್ನು ಕೇಳುವುದಿಲ್ಲ. ಮನೆಯ ಗೋಡೆ ಯಾವುದರದ್ದು, ನೀರು ಎಲ್ಲಿಂದ, ಶೌಚಾಲಯ ಇದೆಯೇ, ಸ್ಕೂಟರೋ ಕಾರೋ ಎಂದು ಕೇಳಿ ಬರೆದುಕೊಳ್ಳುತ್ತದೆ. ಅದೆಲ್ಲ ಬ್ಲಾಕು ಬ್ಲಾಕಾಗಿಯೇ ಸಂಗ್ರಹವಾಗುತ್ತದೆ, ಸಾರ್ವಜನಿಕರ ಕೈಗೆ ಬರುವಾಗ ವಾರ್ಡಿನ ಸರಾಸರಿಯಾಗಿರುತ್ತದೆ. 2027ರ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳಲಾಗುತ್ತದೆ ಎಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ಆ ಅಂಕಿಅಂಶಗಳನ್ನು ಮನೆಯವರ ಗುರುತು ಬಿಟ್ಟುಕೊಡದಂತೆ, ಬ್ಲಾಕಿನ ಮಟ್ಟದಲ್ಲೇ, ನಕ್ಷೆಯ ಜೊತೆಗೆ ಪ್ರಕಟಿಸಬೇಕು. ನಿಮ್ಮ ಶಾಸಕರಿಗೆ, ಪಾಲಿಕೆಗೆ ಇದನ್ನು ಬರೆದು ಕೇಳಿ.